ಕಡಿಮೆ ಖರ್ಚಿನ ದಾರಿ

ಹೆಣ್ಣುಮಗಳು ಎಂ.ಎಸ್ಸಿ. ಗಣಿತ ಓದಿದಳೆಂದರೆ "ಅದರಿಂದ ಏನು ಬಂತು?" ಎಂದು ಇಡೀ ಬೀದಿಯೇ ಕೇಳುತ್ತದೆ. ಪಂಚನಹಳ್ಳಿಯ ನಮ್ಮಣ್ಣನ ಮನೆಯಲ್ಲೂ ಆದದ್ದು ಇದೇ. ಮಗಳು ಪಿಎಚ್.ಡಿ. ಮಾಡುತ್ತೇನೆಂದಳು, ಇನ್ನೂ ಐದು ವರ್ಷವೇ ಎಂದು ಅಣ್ಣ ತಲೆಯ ಮೇಲೆ ಕೈ ಹೊತ್ತ. ಮಳೆ ಕೈಕೊಟ್ಟರೆ ತೆಂಗೂ ಒಣಗುವ ಕಡೂರು ಸೀಮೆಯಲ್ಲಿ ಐದು ವರ್ಷ ಸಣ್ಣ ಲೆಕ್ಕವಲ್ಲ. ಹಬ್ಬಕ್ಕೆ ಹೋದ ನನ್ನ ತಲೆಗೆ ಪಂಚಾಯಿತಿ ಬಿತ್ತು.

"ಮೊದಲು ನೀನು ಓದುವುದೇನು, ಅದನ್ನು ಹೇಳೇ" ಎಂದೆ.

ಅವಳು ರಂಗೋಲಿ ಬಟ್ಟಲು ಎಳೆದುಕೊಂಡು ಮಲಗಿದ 8ರ ಆಕಾರ ಬರೆದಳು. "ಮೂರು ಸಮತೂಕದ ಗೋಲಗಳು ಒಂದನ್ನೊಂದು ಸೆಳೆಯುತ್ತಾ ಇದೇ ದಾರಿಯಲ್ಲಿ ಓಡಬಲ್ಲವು ಅತ್ತೆ. ಡಿಕ್ಕಿ ಹೊಡೆಯದೆ ಹೊರಟಲ್ಲಿಗೇ ಬರುತ್ತವೆ."

ನ್ಯೂಟನ್ನನ ಸಮೀಕರಣ ಈ ಕ್ಷಣದಿಂದ ಮುಂದಿನ ಕ್ಷಣಕ್ಕೆ ದಾರಿ ತೋರಿಸುತ್ತದೆ. ಆದರೆ ಮೂರು ಗೋಲಗಳಾದರೆ, ಅವು ತಿರುಗಿ ಹೊರಟಲ್ಲಿಗೆ ಬರುತ್ತವೆಯೇ ಎಂಬುದು ಹಾಗೆ ನಡೆದು ನೋಡಿದರೆ ಗೊತ್ತಾಗುವುದು ಕಷ್ಟ. ಅದಕ್ಕೆ ಇವರ ಉಪಾಯವೇ ಬೇರೆ. ಹೊರಟಲ್ಲಿಗೆ ಬರುವ ದಾರಿಗಳನ್ನೇ ಮೊದಲು ಗುಡ್ಡೆ ಹಾಕಿಕೊಳ್ಳುತ್ತಾರೆ. ಪ್ರತಿ ದಾರಿಗೂ ಒಂದು ಖರ್ಚು ಕಟ್ಟುತ್ತಾರೆ. ಅದರ ಹೆಸರು 'ಆಕ್ಷನ್'. ಡಿಕ್ಕಿಯಿಲ್ಲದ, ಅತಿ ಕಡಿಮೆ ಖರ್ಚಿನ ದಾರಿ ಸಿಕ್ಕಿತೆಂದರೆ ಅದು ತಾನಾಗಿಯೇ ಸಮೀಕರಣವನ್ನು ಪಾಲಿಸುತ್ತದಂತೆ!

ಆದರೆ ಬರೀ ಉಳಿತಾಯ ನೋಡಿದರೆ ಮೂರೂ ದೂರ ದೂರ ಸರಿದು ಸುಮ್ಮನೆ ಕುಳಿತುಬಿಡುತ್ತವೆ. ಖರ್ಚು ಸೊನ್ನೆಯ ಹತ್ತಿರ! ಅದಕ್ಕೇ ಮೂವರೂ ಒಂದೇ ದಾರಿ ಹಿಡಿಯಬೇಕು, ಸುತ್ತಿನ ಮೂರನೇ ಒಂದು ಪಾಲು ಅಂತರವಿರಬೇಕು, ದಾರಿ ಎಡಬಲ ಸಮನಾಗಿರಬೇಕು ಎಂಬ ಕಟ್ಟಳೆಗಳು. ಇನ್ನೊಂದು ತೊಡಕು ಡಿಕ್ಕಿಯದು. ಡಿಕ್ಕಿಯ ದಾರಿಗೂ ಅಂಥ ಖರ್ಚೇನಿಲ್ಲ. 1896ರಲ್ಲಿ ಪ್ವಾಂಕರೆ ಅದನ್ನು ತಪ್ಪಿಸಲು ಸೆಳೆತದ ನಿಯಮವನ್ನೇ ಬದಲಿಸಿ ನೋಡಿದ್ದ. 1993ರಲ್ಲಿ ಕ್ರಿಸ್ ಮೂರ್ ಕಂಪ್ಯೂಟರಿನಲ್ಲಿ ಈ 8ನ್ನು ಕಂಡ. 2000ದಲ್ಲಿ ಶೆನ್ಸಿನೇರ್ ಮತ್ತು ಮಾಂಟ್ಗೊಮರಿ, ಡಿಕ್ಕಿಯ ದಾರಿಗಳಿಗೇ ಹೆಚ್ಚು ಖರ್ಚೆಂದು ತೋರಿಸಿ, ನ್ಯೂಟನ್ನನ ನಿಯಮದಲ್ಲೇ ಇದು ಉಂಟೆಂದು ಸಾಧಿಸಿದರು.

"ಆಕಾಶದಲ್ಲಿ ಇಂಥವು ಇವೆಯೇನಮ್ಮ?" ಅಣ್ಣ ಕೇಳಿದ.

"ಇನ್ನೂ ಯಾರಿಗೂ ಕಂಡಿಲ್ಲಪ್ಪ."

ಅಣ್ಣ ನನ್ನ ಮುಖ ನೋಡಿದ. ನನ್ನ ಮನಸ್ಸು ಮಾತ್ರ ಆ ಕಟ್ಟಳೆಯ ಮಾತಿನಲ್ಲೇ ನಿಂತಿತ್ತು. ಕಡಿಮೆ ಖರ್ಚಿನದೆಂದು ನಾವು ಹೆಣ್ಣುಮಕ್ಕಳಿಗೆ ತೋರಿಸುತ್ತಾ ಬಂದದ್ದೂ ಸುಮ್ಮನೆ ಕುಳಿತುಕೊಳ್ಳುವ ದಾರಿಯನ್ನೇ ಅಲ್ಲವೇ? ಲೆಕ್ಕ ತಪ್ಪಲ್ಲ, ಯಾವ ದಾರಿಗಳನ್ನು ಲೆಕ್ಕಕ್ಕೆ ಇಟ್ಟುಕೊಂಡೆವು ಎಂಬುದೇ ಪ್ರಶ್ನೆ.

"ಅಣ್ಣ, ಓದು ನಿಲ್ಲಬಾರದು ಅನ್ನೋದನ್ನ ಮೊದಲು ಬರೆದುಕೋ. ಆಮೇಲೆ ಖರ್ಚು ಕೂಡಿಸು" ಎಂದೆ. ಜೆ.ಆರ್.ಎಫ್. ಪರೀಕ್ಷೆಯಲ್ಲಿ ಗೆದ್ದವರಿಗೆ ಪಿಎಚ್.ಡಿ. ಮಾಡುವಾಗ ತಿಂಗಳು ತಿಂಗಳೂ ಹಣ ಬರುತ್ತದೆಂದು ಮಗಳು ಸೇರಿಸಿದಳು. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಪರೀಕ್ಷೆ ಯಾವಾಗ?" ಎಂದ.