ಮರುನೋಟದ ಮಾಲ್ಗುಡಿ

ಒಮ್ಮೆ ಕಂಡುದನ್ನೇ ಮತ್ತೆ ಕಾಣುವುದರಿಂದ ಲಾಭವೇನು ಎಂದು ಕೇಳುವವರಿದ್ದಾರೆ. ಶ್ರಾವಣ ಮಾಸದಲ್ಲಿ ಮಠದ ಆವರಣದಲ್ಲಿ ಕುಳಿತು ವರ್ಷವರ್ಷವೂ ಪುರಾಣವನ್ನು ಕೇಳಿ ಬೆಳೆದ ನಮ್ಮಂಥವರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಕಥೆ ಮುಂದೇನಾಗುವುದೆಂಬುದು ಕೇಳುವವರೆಲ್ಲರಿಗೂ ಗೊತ್ತು. ಆದರೂ ಸಭೆ ಕಿಕ್ಕಿರಿಯುತ್ತದೆ. ಕುತೂಹಲ ತಣಿದ ಮೇಲೆಯೂ ಉಳಿಯುವ ರಸವೊಂದುಂಟು. ಅದು ಪುರಾಣಕ್ಕಷ್ಟೇ ಅಲ್ಲ, ನಗೆಗೂ ಸಲ್ಲುವ ಮಾತೆಂಬುದನ್ನು ಕಳೆದ ಕೆಲವು ತಿಂಗಳುಗಳಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಮನೆಯಲ್ಲಿ ಕುಳಿತು ಮೊದಲಿನಿಂದ ಮರಳಿ ನೋಡಿದಾಗ ಮನಗಂಡೆನು.

ಆರ್. ಕೆ. ನಾರಾಯಣರ ಇಂಗ್ಲಿಷ್ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಅವರು ನಿರ್ದೇಶಿಸಿದ, ಟಿ. ಎಸ್. ನರಸಿಂಹನ್ ಅವರು ನಿರ್ಮಿಸಿದ ಈ ಮಾಲಿಕೆ ದೂರದರ್ಶನದಲ್ಲಿ ಮೊದಲು ಮೂಡಿಬಂದುದು 1986-87ರ ಸುಮಾರಿನಲ್ಲಿ. ಮೈಸೂರಿನಲ್ಲಿ ಬಾಳಿದ ನಾರಾಯಣರು 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಮಾಲ್ಗುಡಿಯೆಂಬ ಊರನ್ನು ಕಲ್ಪಿಸಿದರು. ಶಂಕರ್ ನಾಗ್ ಅವರು ಆ ಕಲ್ಪನೆಗೆ ಮಲೆನಾಡಿನ ಆಗುಂಬೆಯಲ್ಲಿ ಮನೆ, ಬೀದಿ, ಅಂಗಡಿಗಳ ರೂಪ ಕೊಟ್ಟರು. ಬಾಲಕ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಅವರು ನಟಿಸಿದರು. ಲೇಖಕರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳೂ ಎಲ್. ವೈದ್ಯನಾಥನ್ ಅವರ ಸಂಗೀತವೂ ಅದಕ್ಕೆ ಕೂಡಿಕೊಂಡವು. ನಾವು ಕೇಳಿದ ಭಾಷೆ ಹಿಂದಿಯಾದರೂ ಕಂಡ ಮುಖಗಳು ಬಹುಮಟ್ಟಿಗೆ ಕನ್ನಡದವು.

ಆಗ ನಮ್ಮ ಬೀದಿಯಲ್ಲಿ ದೂರದರ್ಶನ ಯಂತ್ರವಿದ್ದ ಮನೆಗಳು ಎರಡೋ ಮೂರೋ. ನಮ್ಮದು ಕಪ್ಪು-ಬಿಳುಪಿನದು. ಹೆಂಚಿನ ಮಾಡಿನ ಮೇಲೆ ನಿಂತ ಆಂಟೆನಾವನ್ನು ಒಬ್ಬರು ತಿರುಗಿಸಬೇಕು, ಒಳಗಿನಿಂದ ಇನ್ನೊಬ್ಬರು “ಸಾಕು, ಸಾಕು” ಎಂದು ಕೂಗಬೇಕು. ನೆರೆಹೊರೆಯವರು ಬಂದು ಚಾಪೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಹಿಂದಿಯನ್ನು ಚೆನ್ನಾಗಿ ಬಲ್ಲವರು ಅವರಲ್ಲಿ ಒಬ್ಬಿಬ್ಬರು ಮಾತ್ರ. ಆದರೂ ನಗೆ ಎಲ್ಲರಿಂದಲೂ ಏಕಕಾಲಕ್ಕೆ ಹೊಮ್ಮುತ್ತಿತ್ತು. ಆ ಮಾಲ್ಗುಡಿಗೆ ನಮ್ಮ ಕಣ್ಣಿನಲ್ಲಿ ಬಣ್ಣವಿರಲಿಲ್ಲ. ಆಗುಂಬೆಯ ಹಸುರು ಅಷ್ಟು ದಟ್ಟವಾದುದೆಂದು ಈ ಧಾರಾವಾಹಿಯಲ್ಲಿ ನಾನು ಕಂಡುದು ಮರುನೋಟದಲ್ಲಿಯೇ.

ಹೊಸದಾಗಿ ಕಂಡುದು ಹಸುರೊಂದೇ ಅಲ್ಲ. ಸ್ವಾಮಿಯ ಕಥೆಗಳಲ್ಲಿ ಒಂದು ಹೀಗಿದೆ: ಶಾಲೆಗೆ ಹೋಗಲೊಲ್ಲದ ಹುಡುಗ, ಸ್ಯಾಮ್ಯುಯೆಲ್ ಎಂಬ ಉಪಾಧ್ಯಾಯರು ಬಹಳ ಕ್ರೂರಿಗಳೆಂದು ತಂದೆಯ ಮುಂದೆ ಬಣ್ಣಿಸುತ್ತಾನೆ. ತಂದೆ ಮುಖ್ಯೋಪಾಧ್ಯಾಯರಿಗೆ ದೂರಿನ ಪತ್ರವನ್ನೇ ಬರೆದು ಮಗನ ಕೈಗೆ ಕೊಡುತ್ತಾನೆ. ಪತ್ರಕ್ಕೆ ತಕ್ಕಂತೆ ಉಪಾಧ್ಯಾಯರು ಕ್ರೂರಿಗಳಾಗಲೆಂದು ಸ್ವಾಮಿ ದಿನವಿಡೀ ತಂಟೆ ಮಾಡಿ ಏಟು ತಿನ್ನುತ್ತಾನೆ. ಕೊನೆಗೆ ಮುಖ್ಯೋಪಾಧ್ಯಾಯರು ರಜೆಯಲ್ಲಿರುವರೆಂದೂ ಪತ್ರವನ್ನು ಅವರ ಬದಲು ಸ್ಯಾಮ್ಯುಯೆಲ್ಲರಿಗೇ ಕೊಡಬೇಕೆಂದೂ ತಿಳಿಯುತ್ತದೆ! ಅಂದು ಏಳು ವರ್ಷದವನಾಗಿದ್ದ ನನ್ನ ಮಗ ಸ್ವಾಮಿಯ ಪಕ್ಷ ವಹಿಸಿ ನಕ್ಕನು. ಶಾಲಾ ಉಪಾಧ್ಯಾಯನಾಗಿದ್ದ ನಾನು ಸ್ಯಾಮ್ಯುಯೆಲ್ಲರ ಪಕ್ಷ ವಹಿಸಿ ನಕ್ಕೆನು. ಇಂದು ನನ್ನ ದೃಷ್ಟಿ ನಿಲ್ಲುವುದು ಮಗನ ಮಾತನ್ನು ನಂಬಿ ಲೇಖನಿ ಹಿಡಿದ ಆ ತಂದೆಯ ಮೇಲೆ. ಚಿತ್ರ ಬದಲಾಗಿಲ್ಲ, ನೋಡುವವನು ಕುಳಿತ ಜಾಗ ಬದಲಾಗಿದೆ.

ಈ ನಗೆಯ ಇನ್ನೊಂದು ಗುಣವನ್ನು ಹೇಳಲೇಬೇಕು. ರೋಡ್ ಎಂಜಿನ್ ಒಂದನ್ನು ಬಹುಮಾನವಾಗಿ ಗೆದ್ದು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಣ್ಣಾಗುವ ಮನುಷ್ಯ. ಸ್ವಾತಂತ್ರ್ಯ ಬಂದ ಉತ್ಸಾಹದಲ್ಲಿ ಆಂಗ್ಲ ಅಧಿಕಾರಿಯ ಪ್ರತಿಮೆಯನ್ನು ಕಿತ್ತುಹಾಕಿ, ಆತ ಒಳ್ಳೆಯವನಾಗಿದ್ದನೆಂದು ಆಮೇಲೆ ತಿಳಿದು ಪೇಚಾಡುವ ಪುರಸಭೆ—ಇವರನ್ನು ಕಂಡು ನಾವು ನಗುತ್ತೇವೆ. ಆದರೆ ಯಾರನ್ನೂ ಹೀನೈಸಿ ನಗುವುದಿಲ್ಲ. ಪರರ ಮನ ನೋಯದಂತೆ ನುಡಿಯುವುದು ಧರ್ಮವೆಂದು ಶರಣರಿಂದ ಕಲಿತ ನಮಗೆ, ಪರರ ಮನ ನೋಯದಂತೆ ನಗುವುದೂ ಧರ್ಮವೇ ಅಲ್ಲವೆ?

ಈ ಬಾರಿ ನನ್ನನ್ನು ಬಹುವಾಗಿ ತಟ್ಟಿದುದು ‘ಮಿಠಾಯಿವಾಲಾ’ ಎಂಬ ಭಾಗ. ನಾರಾಯಣರ 1967ರ ಕಾದಂಬರಿ ‘ದಿ ವೆಂಡರ್ ಆಫ್ ಸ್ವೀಟ್ಸ್’ ಇದರ ಮೂಲ. ಜಗನ್ ಪಾತ್ರದಲ್ಲಿ ಅನಂತ್ ನಾಗ್ ಅವರಿದ್ದಾರೆ. ಜಗನ್ ಗಾಂಧೀವಾದಿ, ನೂಲುತ್ತಾನೆ, ಉಪ್ಪು-ಸಕ್ಕರೆಗಳನ್ನು ತ್ಯಜಿಸಿದ್ದಾನೆ, ಆದರೆ ಸಿಹಿ ತಿಂಡಿಗಳನ್ನು ಮಾರಿ ಹಣ ಗಳಿಸುತ್ತಾನೆ. ಅಂಗಡಿಯಲ್ಲಿ ಕುಳಿತು ಗೀತೆಯನ್ನು ಓದುತ್ತಾನೆ. ಹೊತ್ತು ಮುಳುಗಿದ ಮೇಲಿನ ವ್ಯಾಪಾರದ ಹಣವನ್ನು ಲೆಕ್ಕದ ಪುಸ್ತಕಕ್ಕೆ ತಾರದೆ ಬೇರೆಯಾಗಿ ಇರಿಸುತ್ತಾನೆ. ಸತ್ಯಶುದ್ಧ ಕಾಯಕದ ಪಾಠ ಕೇಳಿದವರಿಗೆ ಇಲ್ಲಿಯ ವಿನೋದ ಬೇಗನೆ ಅರ್ಥವಾದೀತು.

ತಾಯಿಯಿಲ್ಲದ ಅವನ ಮಗ ಮಾಲಿ ಅಮೆರಿಕಕ್ಕೆ ಹೋಗಿ ಮರಳಿ ಬಂದು, ಕಥೆ ಬರೆಯುವ ಯಂತ್ರಗಳ ಕಾರ್ಖಾನೆ ಹೂಡುತ್ತೇನೆ, ಹಣ ಕೊಡು ಎನ್ನುತ್ತಾನೆ. ಅಂದು ಆ ಯಂತ್ರದ ಮಾತು ಬಂದಾಗ ನಮ್ಮ ಚಾಪೆಯ ಸಭೆಯೆಲ್ಲ ಗೊಳ್ಳೆಂದು ನಕ್ಕಿತ್ತು. ಇಂದು ಗಣಕಯಂತ್ರಗಳು ಕೇಳಿದೊಡನೆ ಕಥೆ ಬರೆದುಕೊಡುತ್ತಿವೆ. ಆ ನಗೆಗೆ ಈಗ ಚಿಂತನೆಯೂ ಬೆರೆತಿದೆ. ಆದರೆ ತಂದೆ-ಮಗನ ನಡುವಿನ ಮೌನಕ್ಕೆ ಮಾತ್ರ ಯಾವ ಯಂತ್ರವೂ ಇನ್ನೂ ಬಂದಿಲ್ಲ. ಒಂದೇ ಮನೆಯಲ್ಲಿದ್ದರೂ ಮಗನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಲು ಜಗನ್, ಊರಿಗೆಲ್ಲ ‘ಬಂಧು’ವಾದ ಒಬ್ಬ ಮೂರನೆಯವನನ್ನು ಆಶ್ರಯಿಸುತ್ತಾನೆ.

ನಮ್ಮ ಮನೆಯ ಸ್ಥಿತಿಯೂ ಅದಕ್ಕೆ ಬಹಳ ದೂರವಾಗಿರಲಿಲ್ಲ. ನನ್ನ ಧರ್ಮಪತ್ನಿ ಲಿಂಗೈಕ್ಯಳಾದ ಮೇಲೆ, ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಮಗನು ಒಂದು ತಿಂಗಳ ಮಟ್ಟಿಗೆ ಬಂದಿದ್ದನು. ಮನೆಗೆ ಬೀಗ ಹಾಕಿ ನಾನು ಅವನೊಡನೆ ಹೊರಡಬೇಕೆಂಬುದು ಅವನ ಇಚ್ಛೆ. ಅದನ್ನು ಅವನು ನನಗೆ ಹೇಳಲಿಲ್ಲ. ಇದೇ ಊರಿನಲ್ಲಿರುವ ನನ್ನ ತಂಗಿಗೆ ಹೇಳಿದನು. ನನ್ನ ಉತ್ತರವೂ ಅವಳ ಮೂಲಕವೇ ಹೋಯಿತು. ಊಟಕ್ಕೆ ಕುಳಿತಾಗ ಮಳೆಬೆಳೆಯ ಮಾತಲ್ಲದೆ ಬೇರೆ ಮಾತಿಲ್ಲ. ಹೀಗಿರುವಾಗ ಒಂದು ಸಂಜೆ, ಜಗನ್ ಆ ಬಂಧುವಿನ ಬಳಿ ಮಗನ ಸುದ್ದಿಯನ್ನು ವಿಚಾರಿಸುವ ದೃಶ್ಯ ಬಂದಿತು. ನಾವಿಬ್ಬರೂ ಒಮ್ಮೆಗೇ ನಕ್ಕೆವು. ನಕ್ಕ ಕಾರಣ ಇಬ್ಬರಿಗೂ ಗೊತ್ತಾಯಿತು.

“ಅಪ್ಪಾಜಿ, ಅತ್ತೆಯವರಿಗೆ ನಾಳೆಯಿಂದ ಈ ಕೆಲಸಕ್ಕೆ ರಜೆ ಕೊಡೋಣವೆ?” ಎಂದನು ಮಗ.

ಅಂದು ರಾತ್ರಿ ಬಹಳ ಹೊತ್ತು ಮಾತನಾಡಿದೆವು. ನಾನಿಲ್ಲಿ ಒಬ್ಬನೇ ಇರುವೆನೆಂಬ ಭಯ ಅವನನ್ನು ಅಲ್ಲಿ ನಿದ್ರೆಗೆಡಿಸುತ್ತಿರುವುದನ್ನು ಅವನ ಬಾಯಿಂದಲೇ ಕೇಳಿದೆನು. ಬೆಳಗಿನ ಪೂಜೆ, ಮಠದ ಶ್ರಾವಣ, ಮನೆಗೆ ಪಾಠಕ್ಕೆ ಬರುವ ನಾಲ್ಕು ಮಕ್ಕಳು—ಇವುಗಳನ್ನು ಬಿಟ್ಟು ನಾನು ಬದುಕಲಾರೆನೆಂಬುದನ್ನು ಅವನು ನನ್ನ ಬಾಯಿಂದಲೇ ಕೇಳಿದನು. ವರ್ಷದಲ್ಲಿ ಮೂರು ತಿಂಗಳು ಅಲ್ಲಿ, ಉಳಿದ ಕಾಲ ಇಲ್ಲಿ ಎಂದು ತೀರ್ಮಾನವಾಯಿತು. ಮನೆಗೆ ಬೀಗ ಬೀಳಲಿಲ್ಲ.

ಕಾದಂಬರಿಯ ಕೊನೆಯಲ್ಲಿ ಜಗನ್ ಎಲ್ಲವನ್ನೂ ತೊರೆದು ಏಕಾಂತವನ್ನರಸಿ ಹೊರಡುತ್ತಾನೆ. ಹೊರಡುವಾಗಲೂ ಚೆಕ್ಕುಪುಸ್ತಕ ಮಾತ್ರ ಜೊತೆಯಲ್ಲಿರುತ್ತದೆ. ಅವನ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ತೋರಿದ ದಾರಿ ಬೇರೆ. ಅವರಲ್ಲಿ ಅನೇಕರು ಸತಿಸುತರೊಡನೆ, ತಮ್ಮ ತಮ್ಮ ಕಾಯಕದೊಡನೆ, ಸಂಸಾರದೊಳಗಿದ್ದೇ ಸಾಧನೆ ಮಾಡಿದವರು. ಮುನಿಸಿನಿಂದ ಮನೆ ಬಿಡುವುದು ವೈರಾಗ್ಯವಾಗಲಾರದು ಎಂಬುದು ನನ್ನ ನಮ್ರ ಅಭಿಪ್ರಾಯ.

ಶಂಕರ್ ನಾಗ್ ಅವರು 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು ವರ್ಷ. ನಾರಾಯಣರು 2001ರಲ್ಲಿ, ವೈಶಾಲಿ ಅವರು 2010ರಲ್ಲಿ, ಲಕ್ಷ್ಮಣರು 2015ರಲ್ಲಿ, ಕಾರ್ನಾಡರು 2019ರಲ್ಲಿ ಅಗಲಿದರು. ನಮ್ಮ ಚಾಪೆಯ ಮೇಲೆ ಕುಳಿತು ನಕ್ಕವರಲ್ಲಿಯೂ ಉಳಿದವರು ಕೆಲವರೇ. ಇಂತಹ ಕಡೆ ನನ್ನವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳೆಂಬುದು ದೃಶ್ಯದೊಡನೆಯೇ ನೆನಪಿಗೆ ಬರುತ್ತದೆ. ಆಗ ಕಣ್ಣು ತೇವಗೊಂಡರೂ ಮನಸ್ಸು ಭಾರವಾಗುವುದಿಲ್ಲ.

ಅಂತರ್ಜಾಲದ ಕೃಪೆಯಿಂದ ಇಂದು ಅನೇಕ ಹಳೆಯ ಮಾಲಿಕೆಗಳನ್ನು ಯಾವ ಹೊತ್ತಿನಲ್ಲಿಯೂ ನೋಡಬಹುದಾಗಿದೆ. ಸೌಲಭ್ಯ ಹೆಚ್ಚಿದಂತೆ ಮಿತಿ ನಮ್ಮ ಕೈಯಲ್ಲಿರಬೇಕು. ಸಂಜೆಯ ಪೂಜೆ ಮುಗಿದ ಮೇಲೆ ಒಂದೇ ಒಂದು ಕಂತು ನೋಡಿ ಯಂತ್ರವನ್ನು ಆರಿಸುವುದು ನಮ್ಮ ಮನೆಯ ರೂಢಿಯಾಗಿದೆ. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಮೊಬೈಲು ಹಿಡಿದು ನೋಡುವುದಕ್ಕಿಂತ, ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡುವುದು ಲೇಸು. ಪ್ರಸಾದವನ್ನು ಹಂಚಿ ಉಣ್ಣಬೇಕೆಂದು ಮಠದ ಪಂಕ್ತಿಯಲ್ಲಿ ಕಲಿತವರು ನಾವು. ನಗೆಯನ್ನೂ ಹಾಗೆಯೇ ಹಂಚಿ ಉಣ್ಣೋಣ.