ಪಿಕಪ್‌ನೊಳಗಿನ ಪಿಚಕಾರಿ

ಕಳೆದ ವರ್ಷ ನಾನೂ ನನ್ನಾಕೆಯೂ ಅಮೆರಿಕದ ಡೆನ್ವರ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಮಗನ ಹತ್ತಿರ ಒಂದು ದೊಡ್ಡ ಪಿಕಪ್ ಗಾಡಿಯಿದೆ. ಅದರ ಹಿಂಭಾಗದಲ್ಲಿ ‘ಕ್ಯಾಂಪರ್’ ಎಂಬ ಪುಟ್ಟ ಮನೆಯನ್ನೇ ಕೂರಿಸಿದ್ದಾನೆ. ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲವೂ ಉಂಟು. ಬಸವನಹುಳು ಬೆನ್ನ ಮೇಲೆ ಮನೆ ಹೊತ್ತು ಹೋದ ಹಾಗೆ!

ಅದರಲ್ಲಿ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ಎಂಬ ಮರಳುಗುಡ್ಡಗಳನ್ನು ನೋಡಲು ಹೊರಟೆವು. ದಾರಿಯಲ್ಲಿ 10,000 ಅಡಿ ಎತ್ತರದ ಕೆನೋಶಾ ಘಟ್ಟ. ಅಲ್ಲಿನ ತಿರುವಿನಲ್ಲಿ ಗಾಡಿ ತೇರಿನಂತೆ ಓಲಾಡಿತು. ಒಂದು ತಗ್ಗು ದಾಟಿದ ಮೇಲಂತೂ ನಾಲ್ಕೈದು ಸಲ ಕುಣಿಯಿತು. ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು ಕಣ್ಣು ಮುಚ್ಚಿಕೊಂಡಳು. ಮಗ ಮಾತಾಡದೆ ಗಾಡಿ ತಿರುಗಿಸಿ ನಿಧಾನವಾಗಿ ಮನೆಗೆ ತಂದ.

“ಹಿಂದಿನ ಶಾಕ್ ಹೋಗಿದೆ ಅಪ್ಪ. ಭಾರ ತಡೆಯೋ ಗಟ್ಟಿ ಶಾಕ್ ಹಾಕಿಸಿದರೆ ಸರಿಹೋಗುತ್ತೆ” ಎಂದ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಯಂತ್ರದ ವಿಷಯ ತಿಳಿಯದು. ಆದರೆ ಮಂಡ್ಯದಲ್ಲಿದ್ದಾಗ ಕಬ್ಬಿನ ಲಾರಿಗಳು ವೇಬ್ರಿಡ್ಜ್ ಹತ್ತುವುದನ್ನು ಕಂಡಿದ್ದೆ. “ಮೊದಲು ತೂಕ ಹಾಕಿಸೋಣವೇನಪ್ಪಾ?” ಎಂದೆ. “ನಿಮಗೆ ಗೊತ್ತಾಗಲ್ಲ ಬಿಡಿ ಅಪ್ಪ” ಎಂದ. ಸುಮ್ಮನಾದೆ.

ಮರುದಿನ ಗ್ಯಾರೇಜಿನ ಮೆಕ್ಯಾನಿಕ್ ಹಳೆಯ ಶಾಕ್ ಬಿಚ್ಚಿ ತೋರಿಸಿದ. ಎಣ್ಣೆ ಸೋರಿ ಜಿಡ್ಡುಗಟ್ಟಿತ್ತು. ನಮ್ಮೂರಲ್ಲಿ ‘ಶಾಕಪ್ಸರ್’ ಅನ್ನುತ್ತಾರಲ್ಲ, ಅದೇ.

“ಇದೇನಾ ತಾತ, ಮನೆ ಹೊರೋದು?” ಎಂದು ಮೊಮ್ಮಗಳು ಕೇಳಿದಳು. ಮೆಕ್ಯಾನಿಕ್ ನಗುತ್ತಾ ಅಲ್ಲವೆಂದು ತಲೆಯಾಡಿಸಿದ. ಭಾರ ಹೊರುವುದು ಲಾರಿಗಿರುವಂಥ ಕಮಾನು ಪ್ಲೇಟುಗಳು. ಅವು ಅದುಮಿದರೆ ಮತ್ತೆ ಚಿಮ್ಮುತ್ತವೆ. ಆ ಕುಣಿತವನ್ನು ಅಡಗಿಸುವುದಷ್ಟೇ ಶಾಕಿನ ಕೆಲಸ. ಕೊಳವೆಯೊಳಗೆ ಎಣ್ಣೆ, ಅದರಲ್ಲಿ ಸಣ್ಣ ತೂತುಗಳಿರುವ ಪಿಸ್ಟನ್. ಹೋಳಿಯ ಪಿಚಕಾರಿಯನ್ನು ಜೋರಾಗಿ ಒತ್ತಿದಷ್ಟೂ ನೀರು ಎದುರು ಒತ್ತುವುದಿಲ್ಲವೇ? ಹಾಗೆಯೇ ಇದೂ. ಕುಣಿತವೆಲ್ಲ ಶಾಖವಾಗಿ ಹೋಗುತ್ತದೆ.

“ಹಿಂದಿನ ಅಚ್ಚಿನ ಮೇಲೆ ಎಷ್ಟು ಭಾರವಿದೆ?” ಎಂದು ಅವನೇ ಕೇಳಿದ. ಮಗ ನನ್ನ ಮುಖ ನೋಡಿದ.

ಲಾರಿಗಳು ನಿಲ್ಲುವ ತಾಣದ ವೇಬ್ರಿಡ್ಜಿಗೆ ಹೋದೆವು. ಅಲ್ಲಿ ಮುಂದಿನ, ಹಿಂದಿನ ಗಾಲಿಗಳ ತೂಕವನ್ನು ಬೇರೆ ಬೇರೆಯಾಗಿ ಚೀಟಿಯಲ್ಲಿ ಕೊಡುತ್ತಾರೆ. ಹಿಂದೆ 6,480 ಪೌಂಡ್ ಇತ್ತು. ಗಾಡಿಯ ಬಾಗಿಲ ಬಳಿ ಅಂಟಿಸಿದ್ದ ಮಿತಿ 6,200. ಅಂದರೆ 280 ಪೌಂಡ್ ಹೆಚ್ಚು, ಸುಮಾರು 127 ಕೆ.ಜಿ.! ಯಾವ ಶಾಕ್ ಹಾಕಿದರೂ ಆ ಮಿತಿ ಏರುವುದಿಲ್ಲ.

ಮನೆಗೆ ಬಂದು ಲೆಡ್ಜರ್ ಬರೆಯುವಂತೆ ಪಟ್ಟಿ ಬರೆದೆ. ಟ್ಯಾಂಕಿನ 30 ಗ್ಯಾಲನ್ ನೀರೇ 250 ಪೌಂಡ್! ಅದನ್ನು ತಂಗುವ ಜಾಗದಲ್ಲೇ ತುಂಬಿಕೊಂಡರಾಯಿತು. ಅಜ್ಜಿಯ ಗ್ರೈಂಡರ್ ಇಳಿಯಿತು. “ನಿಮ್ಮ ಪುಸ್ತಕದ ಪೆಟ್ಟಿಗೆ?” ಎಂದಳು ಅಜ್ಜಿ. ಅದೂ ಇಳಿಯಿತು. ಮತ್ತೆ ತೂಗಿದಾಗ 6,180.

ಆಮೇಲೆ ಶಾಕ್ ಆರಿಸಿದೆವು. ಚಳಿಗಾಲದಲ್ಲಿ ಕ್ಯಾಂಪರ್ ಇಳಿಸುತ್ತಾರೆ. ಆಗ ಬಿಗಿ ಶಾಕ್ ಇದ್ದರೆ ಖಾಲಿ ಗಾಡಿ ಎತ್ತಿಹಾಕುತ್ತದೆ. ಅದಕ್ಕೆ ಕೈಯಿಂದಲೇ ತಿರುಗಿಸಿ 9 ಹಂತಗಳಲ್ಲಿ ಬಿಗಿ-ಸಡಿಲ ಮಾಡಬಹುದಾದ ರ‍್ಯಾಂಚೋ ಶಾಕ್ ತಂದೆವು. ಎರಡೂ ಬದಿಗೆ ಜೋಡಿಯಾಗಿಯೇ ಹಾಕಿಸಬೇಕು.

ಈ ಸಲ ಘಟ್ಟ ಇಳಿಯುವಾಗ ಮೊಮ್ಮಗಳು ಕಿಟಕಿಯಾಚೆ ನೋಡುತ್ತಾ ಹಾಡಿಕೊಂಡಿದ್ದಳು. ಹಿಂತಿರುಗುವ ಮುನ್ನ ಸಾಮಾನು ತುಂಬುವಾಗ ಮಗ ನೋಟ್‌ಬುಕ್ಕೂ ಪೆನ್ನೂ ತಂದು, “ಅಪ್ಪ, ಲೆಕ್ಕ ನೀವೇ ಬರೀರಿ” ಎಂದ.

ಮಕ್ಕಳೇ, ನಿಮ್ಮ ಮನೆಯ ಕಾರು ಹಂಪ್ ದಾಟಿದಾಗ ಎಷ್ಟು ಸಲ ಕುಣಿಯುತ್ತದೆಂದು ಎಣಿಸಿ ನೋಡಿ. ಒಂದೆರಡಾದರೆ ಸರಿ. ಹೆಚ್ಚಾದರೆ ಅಪ್ಪನಿಗೋ ಅಮ್ಮನಿಗೋ ಹೇಳಿ. ಪಿಚಕಾರಿಯ ಎಣ್ಣೆ ಸೋರಿರಬಹುದು!