ಬೀಜದ ಪಾಕೀಟಿಗೂ ರಸೀದಿ ಕೇಳ್ತೀವಿ

ಮೊದಲೇ ಹೇಳಿಬಿಡ್ತೀನಿ, ನಾನು ಕ್ರೈಸ್ತ ಮನೆಯ ಹುಡುಗ. ಊರು ದೇವದುರ್ಗ ತಾಲೂಕು, ಓದೋದು ಇಲ್ಲೇ ರಾಯಚೂರಿನಲ್ಲಿ. ಹಾಸ್ಟೆಲ್ಲಿನಲ್ಲಿ ಗೆಳೆಯರು ಆಗಾಗ ಫೋನ್ ಹಿಡಿದುಕೊಂಡು ಬರ್ತಾರೆ. ಕೋಟು ಹಾಕಿದ ಬೋಧಕರೊಬ್ಬರು ಕೈ ಬೀಸ್ತಾರೆ, ಜನ ಸಾಲು ಸಾಲಾಗಿ ಹಿಂದಕ್ಕೆ ಬೀಳ್ತಾರೆ. ಊರುಗೋಲು ಗಾಳಿಯಲ್ಲಿ ಹಾರುತ್ತೆ. "ಲೇ, ನಿಮ್ಮ ಚರ್ಚಿನಾಗೂ ಹಿಂಗೇ ನಡೀತದೇನು?" ಅಂತ ಕೇಳಿ ನಗ್ತಾರೆ. ನಾನೂ ನಗ್ತೀನಿ. ಆದರೆ ಆ ಪ್ರಶ್ನೆಗೆ ನಕ್ಕು ಮುಗಿಸುವಂಥ ಉತ್ತರ ನನ್ನ ಹತ್ತಿರ ಇಲ್ಲ. ನಮ್ಮ ಮನೆಯಲ್ಲೇ ಅದಕ್ಕೆ ಬೆಲೆ ತೆತ್ತಿದ್ದೀವಿ. ಅದಕ್ಕೇ ಈ ಬರಹ.

ನಮ್ಮ ಜಿಲ್ಲೆಗೆ ಕ್ರೈಸ್ತರು ನಿನ್ನೆ ಮೊನ್ನೆ ಬಂದವರಲ್ಲ. ಮುದಗಲ್ಲಿನಲ್ಲಿ ಬಿಜಾಪುರ ಸುಲ್ತಾನರ ಕಾಲದಿಂದಲೂ ಕ್ಯಾಥೊಲಿಕ್ ಕುಟುಂಬಗಳಿವೆ. ರಾಯಚೂರು ನಗರದಲ್ಲಿ ಮೆಥೊಡಿಸ್ಟ್ ಸಭೆ ಇದೆ. ಮಾನ್ವಿಯಲ್ಲಿ ಜೆಸ್ವಿಟ್ ಪಾದ್ರಿಗಳು ಶಾಲೆ ನಡೆಸ್ತಾರೆ. ಇವಲ್ಲದೆ ಹಳ್ಳಿಗಳಲ್ಲಿ ತಗಡಿನ ಶೆಡ್ಡಿನಲ್ಲಿ ನಡೆಯುವ ಸಣ್ಣ ಸಣ್ಣ ಸಭೆಗಳಿವೆ. ಅಲ್ಲಿನ ಪಾಸ್ಟರುಗಳಲ್ಲಿ ಬಹಳ ಜನ ವಾರವೆಲ್ಲ ಕೂಲಿ ಮಾಡಿ ಭಾನುವಾರ ಪ್ರಸಂಗ ಮಾಡುವವರು. ನಾನು ಮಾತಾಡ್ತಿರೋದು ಇವರ ಬಗ್ಗೆ ಅಲ್ಲ. ಇವರ ಹೆಸರು ಹೇಳಿಕೊಂಡು, ಇವರ ಜನರನ್ನೇ ಹುಡುಕಿಕೊಂಡು ಬರುವವರ ಬಗ್ಗೆ.

ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ, ಮಾನ್ವಿ ಹತ್ತಿರದ ಒಂದು ಹಳ್ಳಿಯಲ್ಲಿದ್ದಾಳೆ. ನಾನು ಪಿಯುಸಿ ಓದುವಾಗ ಅವಳಿಗೆ ಟಿಬಿ ಬಂತು. ಕಫ ಪರೀಕ್ಷೆ ಆಯ್ತು, ಸರ್ಕಾರದ ಗುಳಿಗಿ ಪುಕ್ಕಟೆ ಸಿಕ್ಕವು, ಆಶಾ ಕಾರ್ಯಕರ್ತೆ ಮನೆಗೇ ಬಂದು ವಿಚಾರಿಸ್ತಿದ್ದಳು. ಸಾಧಾರಣ ಟಿಬಿಗೆ ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ಗಟ್ಟಿ ಔಷಧ, ಉಳಿದ ನಾಲ್ಕು ತಿಂಗಳು ಉಳಿದ ಕ್ರಿಮಿಗಳನ್ನು ಪೂರ್ತಿ ಮುಗಿಸಲಿಕ್ಕೆ. ಮೋಸ ಹೊಕ್ಕೋದು ಈ ನಡುವಿನ ಸಂದಿಯಲ್ಲೇ. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತೆ, ಹಸಿವಾಗುತ್ತೆ, ಮೈಗೆ ಕಸುವು ಬರುತ್ತೆ. ರೋಗ ಹೋಗಿರಲ್ಲ, ಅಡಗಿರುತ್ತೆ ಅಷ್ಟೇ.

ಸರಿಯಾಗಿ ಅದೇ ಹೊತ್ತಿಗೆ ಊರ ಹೊರಗಿನ ಬಯಲಿನಲ್ಲಿ ಮೂರು ರಾತ್ರಿಯ ಸ್ವಸ್ಥತಾ ಕೂಟ ನಡೆಯಿತು. ದೊಡ್ಡ ಶಾಮಿಯಾನ, ಎತ್ತರದ ಸ್ಪೀಕರ್, ಹೊರಗಿನಿಂದ ಬಂದ ಬೋಧಕ. ಬಾಗಿಲಲ್ಲಿ ಒಂದು ಟೇಬಲ್ಲು, ಅಲ್ಲಿ ಪ್ರಾರ್ಥನೆ ಚೀಟಿ: ಹೆಸರು, ಊರು, ರೋಗ, ಫೋನ್ ನಂಬರ್. ಮೂರನೇ ರಾತ್ರಿ ಬೋಧಕ ಕಣ್ಣು ಮುಚ್ಚಿ, ಈ ಊರಿನ ಒಬ್ಬ ತಾಯಿ ಇಲ್ಲಿದ್ದಾಳೆ, ಎದೆಯ ರೋಗ, ದೇವರು ನನಗೆ ತೋರಿಸ್ತಿದ್ದಾನೆ ಅಂದ. ಹೆಸರನ್ನೂ ಕರೆದ. ಅತ್ತಿ ಅಳುತ್ತಾ ವೇದಿಕೆ ಹತ್ತಿದಳು. ಮೈಕಿನಲ್ಲಿ ಸಾಕ್ಷಿ ಹೇಳಿದಳು: ಎರಡು ತಿಂಗಳ ಹಿಂದೆ ಸಾಯೋ ಹಂಗಿದ್ದೆ, ಈಗ ಕೆಮ್ಮೇ ಇಲ್ಲ. ಸುಳ್ಳೇನಲ್ಲ, ಕೆಮ್ಮು ಇರಲಿಲ್ಲ. ಗುಳಿಗಿ ಮಾಡಿದ ಕೆಲಸದ ಕ್ರೆಡಿಟ್ಟು ಚಪ್ಪಾಳೆಯ ಜೊತೆ ಬೇರೆಯವರ ಖಾತೆಗೆ ಹೋಯಿತು.

ಆಮೇಲೆ ಫೋನುಗಳು ಶುರುವಾದವು. "ಅಕ್ಕಾ, ದೇವರು ವಾಸಿ ಮಾಡಿದ ಮ್ಯಾಲೂ ಗುಳಿಗಿ ತಗೊಂಡ್ರ, ದೇವರನ್ನ ಅನುಮಾನ ಮಾಡಿದಂಗ ಅಲ್ಲೇನ್ರಿ?" ಅತ್ತಿ ಗುಳಿಗಿ ಬಿಟ್ಟಳು. ಇನ್ನೊಂದು ಫೋನು 'ಬೀಜ ಕಾಣಿಕೆ'ಗೆ: ಈಗ ಬಿತ್ತು, ನೂರರಷ್ಟು ಬೆಳೀತಿ. ಟಿಬಿ ರೋಗಿಗಳಿಗೆ ತತ್ತಿ, ಬೇಳೆ ತಿನ್ನಲಿ ಅಂತ ನಿಕ್ಷಯ್ ಪೋಷಣ ಯೋಜನೆಯಲ್ಲಿ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡ್ತಿತ್ತು. 2024ರ ನವೆಂಬರಿನಿಂದ ಅದು 1000 ಆಗಿದೆ. ಅತ್ತಿಯ ಆ 500 ರೂಪಾಯಿ ಕಾಣಿಕೆ ಕವರಿನೊಳಗೆ ಹೋಯಿತು.

ಐದು ತಿಂಗಳಿಗೆ ಕೆಮ್ಮು ತಿರುಗಿ ಬಂತು, ಈ ಸಲ ರಕ್ತದ ಜೊತೆ. ಬೋಧಕನ ಕಡೆಯವರಿಗೆ ಫೋನ್ ಮಾಡಿದರೆ, "ನಿಮ್ಮ ವಿಶ್ವಾಸ ಕಡಿಮಿ ಆಗ್ಯಾದ" ಅಂದರು. ಎರಡನೇ ಸಲ ಎತ್ತಲೇ ಇಲ್ಲ. ಅವಳನ್ನು ಬೈಕಿನ ಹಿಂದೆ ಕೂಡಿಸಿಕೊಂಡು ದವಾಖಾನಿಗೆ ಕರಕೊಂಡು ಹೋದವರು ಅವಳ ಊರಿನ ತಗಡಿನ ಶೆಡ್ಡಿನ ಪಾಸ್ಟರು. ಅವರು ಹೇಳಿದ್ದು ಇಷ್ಟೇ: "ಅಕ್ಕಾ, ನೀ ಗುಳಿಗಿ ನುಂಗು. ಪ್ರಾರ್ಥನಾ ನಾ ಮಾಡ್ತೀನಿ." ರೋಗ ಆಗಲೇ ಔಷಧಕ್ಕೆ ಬಗ್ಗದ ಹಂತಕ್ಕೆ ಹೋಗಿತ್ತು, ಚಿಕಿತ್ಸೆ ಮತ್ತೂ ಉದ್ದ ಆಯಿತು. ಅತ್ತಿ ಬದುಕಿದಳು. ಆದರೆ ಹತ್ತಿ ಬಿಡಿಸುವಷ್ಟು ಉಸಿರು ಈಗ ಅವಳಲ್ಲಿ ಇಲ್ಲ. ಒಂಬತ್ತನೇ ಕ್ಲಾಸಿನಲ್ಲಿದ್ದ ಅವಳ ಮಗಳು ಶಾಲೆ ಬಿಟ್ಟು ಅವ್ವನ ಬದಲು ಹೊಲಕ್ಕೆ ಹೋದಳು. ನಾನು ಇವತ್ತು ಲ್ಯಾಬಿನಲ್ಲಿ ಕೂತಿದ್ದೀನಿ, ನನಗಿಂತ ಲೆಕ್ಕದಲ್ಲಿ ಚುರುಕಾಗಿದ್ದ ಆ ಹುಡುಗಿ ಹೊಲದಲ್ಲಿದ್ದಾಳೆ.

ವೇದಿಕೆ ಮೇಲಿಂದ ಹೆಸರು, ಊರು, ರೋಗ ಹೇಳಿದ್ದು ಹೇಗೆ ಅನ್ನೋದು ಇಸಿ ಬ್ರಾಂಚಿನವರಿಗೆ ಇಷ್ಟವಾಗುವ ವಿಷಯ. 1980ರ ದಶಕದಲ್ಲಿ ಅಮೆರಿಕದಲ್ಲಿ ಪೀಟರ್ ಪೋಪಾಫ್ ಎಂಬ ಬೋಧಕ ಸಭೆಯಲ್ಲಿದ್ದವರ ಹೆಸರು, ವಿಳಾಸ, ಕಾಯಿಲೆ ಎಲ್ಲ ಹೇಳಿಬಿಡ್ತಿದ್ದ. ದೇವರೇ ಹೇಳ್ತಾನೆ ಅಂತ ಜನ ನಂಬಿದ್ದರು. 1986ರಲ್ಲಿ ಜೇಮ್ಸ್ ರ್‍ಯಾಂಡಿ ಎಂಬ ಜಾದೂಗಾರ ಒಂದು ರೇಡಿಯೋ ಸ್ಕ್ಯಾನರ್ ತರಿಸಿ ಸಭೆಯ ಹತ್ತಿರ ಹಚ್ಚಿಸಿದ. 39.17 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿದ್ದು ದೇವರ ದನಿಯಲ್ಲ, ಪೋಪಾಫನ ಹೆಂಡತಿಯ ದನಿ. ಜನ ತುಂಬಿಕೊಟ್ಟಿದ್ದ ಪ್ರಾರ್ಥನೆ ಚೀಟಿಗಳನ್ನು ಆಕೆ ಓದಿ ಹೇಳ್ತಿದ್ದಳು, ಗಂಡನ ಕಿವಿಯಲ್ಲಿ ಸಣ್ಣ ರಿಸೀವರ್ ಇತ್ತು. ಟಿವಿಯಲ್ಲಿ ಆ ಧ್ವನಿಮುದ್ರಣ ಕೇಳಿಸಿದ ಮೇಲೆ, 1987ರಲ್ಲಿ ಆತ ದಿವಾಳಿ ಅರ್ಜಿ ಹಾಕಿದ. ಆಮೇಲೆ? ಮತ್ತೆ ಟಿವಿಗೆ ಬಂದು ಹೊಸ ಕಾರುಬಾರು ಹಚ್ಚಿದ. ಗುಟ್ಟು ರಟ್ಟಾದರೂ ಗಿರಾಕಿಗಳು ಕಡಿಮೆ ಆಗಲ್ಲ, ಇದು ನೆನಪಿರಲಿ. ಮಾನ್ವಿಯಲ್ಲಿ ಯಾವ ರೇಡಿಯೋ ಇತ್ತೋ ನಾನು ನೋಡಿಲ್ಲ. ಚೀಟಿ ಮಾತ್ರ ಇತ್ತು, ಅಷ್ಟೇ ಸಾಕಲ್ವಾ?

ಇನ್ನು ಸಾಕ್ಷಿಗಳ ವಿಷಯ. ಸಾವಿರ ಜನರಲ್ಲಿ ಹತ್ತು ಮಂದಿಗೆ ಮೈಕು ಸಿಗುತ್ತೆ. ಉಳಿದ ಒಂಬೈನೂರ ತೊಂಬತ್ತು ಜನ ಹೆಂಗೆ ಬಂದಿದ್ದರೋ ಹಂಗೇ ಮನೆಗೆ ಹೋಗ್ತಾರೆ. ಆ ಹತ್ತು ಮಂದಿ ಮೂರು ತಿಂಗಳ ಮೇಲೆ ಹೇಗಿದ್ದಾರೆ ಅಂತ ಯಾರೂ ವಿಡಿಯೋ ಮಾಡಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ಹಿಂಗೆ ಬೇಕಾದ ರೀಡಿಂಗ್ ಮಾತ್ರ ಬರೆದುಕೊಟ್ಟರೆ ನಮ್ಮ ಮೇಷ್ಟ್ರು ಸಹಿ ಹಾಕ್ತಾರಾ?

ಹಂಗಾದರೆ ಪ್ರಶ್ನೆ ಕೇಳೋದು ಅವಿಶ್ವಾಸವಾ? ಸಭೆಯಲ್ಲಿ ನಾನು ಬಹಳ ಸಲ ಕೇಳಿದ ಮಾತು ಇದು. ಆದರೆ ಸತ್ಯವೇದವೇ ಇದಕ್ಕೆ ವಿರುದ್ಧ ಇದೆ. ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸು, ಕುರಿಯ ವೇಷದಲ್ಲಿ ಬರುವ ತೋಳಗಳ ಬಗ್ಗೆ ಎಚ್ಚರಿಸಿ, ಗಿಡವನ್ನು ಹಣ್ಣಿನಿಂದ ಗುರುತಿಸಿ ಅಂತಾನೆ. ಯೋಹಾನನ ಮೊದಲ ಪತ್ರಿಕೆಯ 4ನೇ ಅಧ್ಯಾಯ, ಎಲ್ಲ ಆತ್ಮಗಳನ್ನೂ ನಂಬಬೇಡಿ, ಪರೀಕ್ಷೆ ಮಾಡಿ ನೋಡಿ ಅನ್ನುತ್ತೆ. ಬೆರೋಯ ಊರಿನವರು ಸ್ವತಃ ಪೌಲ ಬಂದು ಬೋಧಿಸಿದಾಗಲೂ ಅವನು ಹೇಳಿದ್ದು ಖರೇನೋ ಅಂತ ದಿನಾ ಗ್ರಂಥ ತೆಗೆದು ನೋಡ್ತಿದ್ದರು. ಅಪೊಸ್ತಲರ ಕೃತ್ಯಗಳಲ್ಲಿ ಅವರಿಗೆ ಬೈಗುಳ ಸಿಕ್ಕಿಲ್ಲ, ಹೊಗಳಿಕೆ ಸಿಕ್ಕಿದೆ.

ನನಗೆ ಎಲ್ಲಕ್ಕಿಂತ ಹಿಡಿಸೋದು ಮಾರ್ಕನ ಮೊದಲ ಅಧ್ಯಾಯದ ಕುಷ್ಠರೋಗಿಯ ಕತೆ. ಅವನನ್ನು ವಾಸಿ ಮಾಡಿದ ಮೇಲೆ ಯೇಸು ಮೈಕು ಕೊಡಲಿಲ್ಲ. ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸು ಅಂದ. ಆ ಕಾಲದಲ್ಲಿ ಕುಷ್ಠ ಹೋಗಿದೆಯೋ ಇಲ್ಲವೋ ಅಂತ ತೀರ್ಮಾನಿಸುವ ಅಧಿಕಾರ ಯಾಜಕನದು. ಅಂದರೆ, ಟೆಸ್ಟ್ ಮಾಡಿಸಿಕೊಂಡು ಬಾ ಅಂದ ಹಾಗೆ. ಇನ್ನೊಂದು ಕತೆ ಎಲೀಷನದು. ನಾಮಾನನ ಕುಷ್ಠ ವಾಸಿಯಾದಾಗ ಅವನು ತಂದ ಕಾಣಿಕೆಯನ್ನು ಪ್ರವಾದಿ ಮುಟ್ಟಲಿಲ್ಲ. ಹಿಂದಿನಿಂದ ಓಡಿಹೋಗಿ ಇಸಕೊಂಡ ಸೇವಕ ಗೇಹಜಿಗೆ ಆ ಕುಷ್ಠವೇ ಹತ್ತಿತು. ಮೊದಲ ತಲೆಮಾರುಗಳ ಕ್ರೈಸ್ತರು ಬರೆದಿಟ್ಟ 'ಡಿಡಾಖೆ' ಎಂಬ ಸಣ್ಣ ಕೈಪಿಡಿಯಲ್ಲಂತೂ ಲೆಕ್ಕ ಇನ್ನೂ ನೇರ: ಊರೂರು ಸುತ್ತುವ ಬೋಧಕ ಒಂದು ದಿನ, ಬೇಕಾದರೆ ಎರಡು ದಿನ ಇರಬಹುದು. ಮೂರನೇ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೋಗುವಾಗ ರೊಟ್ಟಿ ಬಿಟ್ಟು ದುಡ್ಡು ಕೇಳಿದರೂ ಸುಳ್ಳು ಪ್ರವಾದಿ.

ಇದು ಕ್ರೈಸ್ತರಿಗೆ ಮಾತ್ರ ಗೊತ್ತಿರೋ ವಿಷಯವೇನಲ್ಲ. ಮೊಸರಕಲ್ಲಿನ ಗೋಪಾಲದಾಸರು ನಮ್ಮ ದೇವದುರ್ಗದ ಕಡೆಯವರು, ಜಗನ್ನಾಥದಾಸರು ಮಾನ್ವಿಯವರು. ಕಾಯಿಲೆಯಿಂದ ನವೆಯುತ್ತಿದ್ದ ಜಗನ್ನಾಥದಾಸರಿಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ ನಲವತ್ತು ವರ್ಷ ಕೊಟ್ಟರು ಅಂತ ನಮ್ಮ ಕಡೆ ಹೇಳ್ತಾರೆ. ಆ ಕತೆ ಯಾರು ಹೆಂಗೆ ನಂಬ್ತಾರೋ ಇರಲಿ, ಗುರು ಅಂದರೆ ಯಾರು ಅಂತ ಈ ಮಣ್ಣಿನ ಜನ ಅಂದುಕೊಂಡಿದ್ದು ಅದರಲ್ಲಿ ಇದೆ. ಗುರು ತನ್ನದನ್ನು ಕೊಡ್ತಾನೆ, ಶಿಷ್ಯನ ಗಂಟು ಬಿಚ್ಚಲ್ಲ.

'ಬೀಜ ಕಾಣಿಕೆ' ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಅಪ್ಪನ ನೆನಪಾಗುತ್ತೆ. ಹತ್ತಿ ಬೀಜ ತಂದರೆ ಅಪ್ಪ ರಸೀದಿ, ಖಾಲಿ ಪಾಕೀಟು ಎರಡನ್ನೂ ಟ್ರಂಕಿನಲ್ಲಿ ಇಡ್ತಾರೆ, ಲಾಟ್ ನಂಬರ್ ನೋಡ್ತಾರೆ. ಬೀಜ ನಕಲಿ ಆದರೆ ದೂರು ಕೊಡಬೇಕಲ್ಲ. ನಾಟದ ಬೀಜಕ್ಕೆ, "ನಿನ್ನ ಹೊಲದಾಗ ವಿಶ್ವಾಸ ಕಡಿಮಿ" ಅಂತ ಅಂಗಡಿಯವನು ಹೇಳಿದರೆ ಅಪ್ಪ ಸುಮ್ಮನೆ ಬರ್ತಾರಾ? ಹಂಗಿದ್ದರೆ ಪ್ರಾಣ, ಮಕ್ಕಳ ಓದು ಒತ್ತೆ ಇಡುವ ಕಡೆ ರಸೀದಿ ಯಾಕೆ ಕೇಳಬಾರದು? ನಾನು ಕೇಳುವ ರಸೀದಿಗಳು ಇವು:

1. ಔಷಧ ಬಿಡು ಅಂತಾರಾ? ಅಂದರೆ ಅಲ್ಲೇ ಎದ್ದು ಬನ್ನಿ. ಉಳಿದ ಯಾವ ಪ್ರಶ್ನೆಯೂ ಬೇಡ.

2. ದುಡ್ಡಿನ ಲೆಕ್ಕ ಯಾರಿಗೆ ಕೊಡ್ತಾರೆ? ವರ್ಷಕ್ಕೊಮ್ಮೆ ಸಭೆಯ ಮುಂದೆ ಲೆಕ್ಕ ಓದ್ತಾರಾ, ಇಲ್ಲಾ ಕ್ಯೂಆರ್ ಕೋಡ್ ಅವರ ಸ್ವಂತ ಖಾತೆಯದಾ?

3. ಅವರನ್ನು ಕೇಳುವವರು ಯಾರಾದರೂ ಇದ್ದಾರಾ? ಬಿಷಪ್ ಇರಲಿ, ಹಿರಿಯರ ಸಮಿತಿ ಇರಲಿ, ಊರಿನವರಿರಲಿ, ತಪ್ಪಾದರೆ "ಅಯ್ಯಾ, ಇದು ಸರಿಯಿಲ್ಲ" ಅನ್ನಬಲ್ಲವರು ಒಬ್ಬರಾದರೂ ಬೇಕು.

4. ಹೇಳಿದ ಭವಿಷ್ಯ ಸುಳ್ಳಾದಾಗ ಏನಂತಾರೆ? ಗೆದ್ದರೆ ಅವರ ಅಭಿಷೇಕ, ಸೋತರೆ ನಮ್ಮ ಅವಿಶ್ವಾಸ ಅನ್ನೋದಾದರೆ, ಆ ಲೆಕ್ಕದಲ್ಲಿ ಅವರು ಎಂದೂ ತಪ್ಪಾಗಲ್ಲ.

5. ಮನೆಯವರಿಂದ, ಗೆಳೆಯರಿಂದ ದೂರ ಮಾಡ್ತಾರಾ? 1978ರಲ್ಲಿ ಗಯಾನಾದ ಜೋನ್ಸ್‌ಟೌನಿನಲ್ಲಿ ಒಬ್ಬ ಬೋಧಕನ ಹಿಂದೆ ಹೋದ 900ಕ್ಕೂ ಹೆಚ್ಚು ಜನ ಸತ್ತರು. ಕೆನ್ಯಾದ ಶಕಹೋಲ ಕಾಡಿನಲ್ಲಿ, ಉಪವಾಸ ಸತ್ತರೆ ಯೇಸುವನ್ನು ಕಾಣ್ತೀರಿ ಅನ್ನುವ ಬೋಧನೆಗೆ ಬಲಿಯಾದ 400ಕ್ಕೂ ಹೆಚ್ಚು ಜನರ ಹೆಣಗಳು 2023ರಿಂದ ಸಿಕ್ಕವು. ಎರಡು ಕಡೆಯೂ ಮೊದಲು ಮಾಡಿದ್ದು ಜನರನ್ನು ಊರಿನಿಂದ, ಬಳಗದಿಂದ ಬೇರೆ ಮಾಡಿದ್ದು.

ಕಾನೂನೂ ಇದೆ. ಮಾಂತ್ರಿಕ ಚಿಕಿತ್ಸೆಯಿಂದ ರೋಗ ವಾಸಿ ಅಂತ ಜಾಹೀರಾತು ಮಾಡುವುದರ ವಿರುದ್ಧ 1954ರ ಕೇಂದ್ರ ಕಾಯ್ದೆ ಇದೆ, ಮೌಢ್ಯ ಆಚರಣೆಗಳ ವಿರುದ್ಧ ಕರ್ನಾಟಕದ್ದೇ 2017ರ ಕಾಯ್ದೆ ಇದೆ. ಆದರೆ ಕಾಯ್ದೆ ಬಂದು ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚಿಕೊಂಡು ಹೋಗಿರ್ತಾರೆ.

ಒಂದು ಮಾತು ನಗುವ ಗೆಳೆಯರಿಗೆ. ಅತ್ತಿ ದಡ್ಡಿ ಅಲ್ಲ. ಗಂಡ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದ. ಟಿಬಿ ಅಂತ ಓಣಿಯವರು ಚಹಾದ ಕಪ್ಪು ಬೇರೆ ಇಡ್ತಿದ್ದರು. ಮೊದಲೇ ನಮ್ಮ ಕೇರಿಯವರನ್ನು ಮುಟ್ಟೋಕೆ ಹಿಂಜರಿಯುವ ಊರದು. ಅಂಥಾದ್ರಲ್ಲಿ ಒಬ್ಬ ಮನುಷ್ಯ ಸಾವಿರ ಜನರ ಮುಂದೆ ಅವಳ ಹೆಸರು ಕರೆದು, ತಲೆ ಮೇಲೆ ಕೈ ಇಟ್ಟ. ಅವಳಿಗೆ ಬೇಕಾಗಿದ್ದ ಆ ಕೈ ನಾವು ಯಾರೂ ಇಟ್ಟಿರಲಿಲ್ಲ ಅನ್ನೋದು ಸುಳ್ಳು ಬೋಧಕನಿಗೆ ಚೆನ್ನಾಗಿ ಗೊತ್ತಿತ್ತು. ಮನೆಯವರನ್ನು ಇದರಿಂದ ಹೊರಗೆ ತರಬೇಕಾದರೆ ವಾದ, ಗೇಲಿ ಕೆಲಸಕ್ಕೆ ಬರಲ್ಲ. ಮಗ್ಗುಲಲ್ಲಿ ಕೂತು, "ಪ್ರಾರ್ಥನಾ ಬ್ಯಾಡ ಅನ್ನಂಗಿಲ್ಲ, ಗುಳಿಗಿ ಮಾತ್ರ ಬಿಡಬ್ಯಾಡ" ಅನ್ನಬೇಕು. ದವಾಖಾನಿಗೆ ಜೊತೆಗೆ ಹೋಗಬೇಕು.

ಇನ್ನೊಂದು ಮಾತು ನನ್ನ ಸಭೆಯವರಿಗೆ. ಇಂಥದ್ದು ಹೊರಗೆ ಹೇಳಿದರೆ ನಮ್ಮನ್ನು ಕಂಡರಾಗದವರಿಗೆ ಆಯುಧ ಕೊಟ್ಟಂಗೆ ಆಗುತ್ತೆ ಅಂತ ಹಿರಿಯರು ಅಂತಾರೆ. ಆ ಭಯ ಸುಳ್ಳಲ್ಲ. ಆದರೆ ಮುಚ್ಚಿಟ್ಟರೆ ಉಳಿಯೋದು ಸಭೆ ಅಲ್ಲ, ಆ ಬೋಧಕ. ಅವನಿಂದ ಪೆಟ್ಟು ತಿಂದವರು ಹೊರಗಿನವರಲ್ಲ, ನಮ್ಮವರೇ. ಬೈಕು ತಂದ ಆ ಪಾಸ್ಟರ ಮರ್ಯಾದೆ ಉಳಿಯಬೇಕಾದರೂ ಇಬ್ಬರ ನಡುವಿನ ಫರಕು ನಾವೇ ಬಾಯಿಬಿಟ್ಟು ಹೇಳಬೇಕು.

ಈ ವಾರ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಯಾವ ದೇವರ ಫೋಟೋ ಇದ್ದರೂ ಸರಿ, ಟಿಬಿ, ಶುಗರ್, ಬಿಪಿ, ಮೂರ್ಛೆ, ಯಾವುದಾದರೂ ಗುಳಿಗಿ ತಗೋಳೋ ಹಿರಿಯರಿದ್ದರೆ, ಪಟ್ಟಿ ತೆಗೆದು ಎಷ್ಟು ಉಳಿದಿವೆ ಅಂತ ಎಣಿಸಿ. ಇರಬೇಕಾದ್ದಕ್ಕಿಂತ ಹೆಚ್ಚು ಉಳಿದಿದ್ದರೆ, ಯಾಕೆ ಬಿಟ್ಟಿರಿ ಅಂತ ಮೆಲ್ಲಗೆ ಕೇಳಿ. ಟಿಬಿ ಆಗಿದ್ದರೆ 1800-11-6666ಕ್ಕೆ ಪುಕ್ಕಟೆ ಫೋನ್ ಮಾಡಬಹುದು.